ಬಳ್ಳಾರಿ ರಾಘವಾಚಾರ್ಯರು

ಶಾಲೆಯ ಕಟ್ಟಡಕ್ಕೆ ಒಂದು ಕೊಠಡಿ ಬೇಕಾದಾಗ, ಬಡ ವಿದ್ಯಾರ್ಥಿಗಳ ಊಟ ವಸತಿಗೆ ಹಣ ಸಾಲದಾದಾಗ, ಊರ ಹಿರಿಯರು ಮೊದಲು ನೆನೆಯುತ್ತಿದ್ದುದು ನಾಟಕವನ್ನು. ಮೊಕ್ಕಾಂ ಹೂಡಿದ ಕಂಪನಿಯವರನ್ನು ಕಂಡು ಒಂದು ರಾತ್ರಿಯ ಉತ್ಪನ್ನವನ್ನು ಬೇಡುವುದು, ಇಲ್ಲವೇ ಉಪಾಧ್ಯಾಯರೂ ವಿದ್ಯಾರ್ಥಿಗಳೂ ತಾವೇ ಬಣ್ಣ ಹಚ್ಚಿ ಸಹಾಯಾರ್ಥ ಪ್ರದರ್ಶನವನ್ನು ಏರ್ಪಡಿಸುವುದು ಕನ್ನಡ ನಾಡಿನ ಹಳೆಯ ರೂಢಿ. ಮೊಸಳೆಯಂತಹ ಸಣ್ಣ ಊರುಗಳಿಂದ ಹಾಸನದವರೆಗೆ ಇದನ್ನು ಅರಿಯದವರಿಲ್ಲ. ಆದರೆ ಇಂತಹ ನಾಟಕಗಳನ್ನು ಕುರಿತು ಒಂದು ದೂರೂ ಅಷ್ಟೇ ಹಳೆಯದು: ಟಿಕೆಟ್ಟು ಕೊಂಡವರು ಧರ್ಮಕ್ಕೆಂದು ಕೊಂಡರು, ಆಟವನ್ನು ಮಾತ್ರ ಸಹಿಸಿಕೊಂಡರು ಎಂಬುದು. ಈ ದೂರಿಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತ ಮಹನೀಯರು ಬಳ್ಳಾರಿಯ ರಾಘವಾಚಾರ್ಯರು. ನಾಟಕದ ಹುಚ್ಚಿರುವ ನಮ್ಮ ಮಕ್ಕಳಿಗೂ, ಅವರಿಗೆ ನಾಟಕ ಕಲಿಸುವ ಉಪಾಧ್ಯಾಯರಿಗೂ ಅವರ ಜೀವನವೃತ್ತಾಂತ ತಿಳಿದಿರಬೇಕೆಂದು ಈ ಲೇಖನ.

ರಾಘವಾಚಾರ್ಯರು ಜನಿಸಿದ್ದು 1880ನೆಯ ಇಸವಿ ಆಗಸ್ಟ್ 2ರಂದು, ಅನಂತಪುರ ಜಿಲ್ಲೆಯ ತಾಡಪತ್ರಿಯಲ್ಲಿ. ತಂದೆ ನರಸಿಂಹಾಚಾರ್ಯರು ಬಳ್ಳಾರಿಯಲ್ಲಿ ಪಂಡಿತರಾಗಿದ್ದರು. ಬಾಲಕನ ವಿದ್ಯಾಭ್ಯಾಸ ಅಲ್ಲಿಯೇ ನಡೆಯಿತು. ಆ ಕಾಲದ ಬಳ್ಳಾರಿ ಮದರಾಸು ಆಧಿಪತ್ಯಕ್ಕೆ ಸೇರಿದ ಊರು. ಮನೆಯಲ್ಲೊಂದು, ಬೀದಿಯಲ್ಲೊಂದು, ಕಚೇರಿಯಲ್ಲೊಂದು ಎಂಬಂತೆ ಕನ್ನಡ, ತೆಲುಗು, ಇಂಗ್ಲಿಷ್ ಭಾಷೆಗಳು ಅಲ್ಲಿ ಒಟ್ಟಿಗೆ ಬಳಕೆಯಲ್ಲಿದ್ದವು. ಅಲ್ಲಿನ ನಾಟಕಶಾಲೆಗಳ ಹಿಂದಿದ್ದವರೂ ವಕೀಲರೇ ಎಂಬುದು ಸ್ವಾರಸ್ಯದ ಸಂಗತಿ. ಸರಸವಿನೋದಿನಿ ಸಭೆಯನ್ನು ನಡೆಸಿದ ಧರ್ಮವರಂ ರಾಮಕೃಷ್ಣಮಾಚಾರ್ಯರು ವಕೀಲರು. ಸುಮನೋರಮಾ ಸಭೆಯ ಕೋಲಾಚಲಂ ಶ್ರೀನಿವಾಸರಾಯರೂ ವಕೀಲರು. ಇಬ್ಬರೂ ನಾಟಕಕರ್ತರು, ಒಬ್ಬರಿಗೊಬ್ಬರು ಪ್ರತಿಸ್ಪರ್ಧಿಗಳು. ಈ ಪೈಕಿ ಧರ್ಮವರಂ ಅವರು ರಾಘವಾಚಾರ್ಯರಿಗೆ ಸೋದರಮಾವನಾಗಬೇಕು. ಅಭಿನಯದ ಮೊದಲ ಪಾಠಗಳು ದೊರೆತದ್ದು ಈ ಮಾವನಿಂದಲೇ.

ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ ಪಡೆದು, 1905ರಲ್ಲಿ ನ್ಯಾಯಶಾಸ್ತ್ರದ ಪರೀಕ್ಷೆಯನ್ನೂ ಮುಗಿಸಿ, ರಾಘವಾಚಾರ್ಯರು ಬಳ್ಳಾರಿಗೆ ಮರಳಿ ವಕೀಲಿ ವೃತ್ತಿ ಹಿಡಿದರು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಅವರಿಗೆ ಒಳ್ಳೆಯ ಹೆಸರು ಬಂದಿತು, ಸರ್ಕಾರಿ ವಕೀಲರೂ ಆದರು. ಆದರೆ ಕಚೇರಿಯ ಕರಿಯ ಕೋಟನ್ನು ಕಳಚಿದ ಸಂಜೆ ಅವರು ಮತ್ತೊಬ್ಬರೇ ಆಗುತ್ತಿದ್ದರು. ಊರಿನಲ್ಲಿ ಷೇಕ್ಸ್‌ಪಿಯರ್ ಕ್ಲಬ್ಬನ್ನು ಸ್ಥಾಪಿಸಿ ಆ ಮಹಾಕವಿಯ ನಾಟಕಗಳನ್ನು ಇಂಗ್ಲಿಷಿನಲ್ಲಿಯೇ ಆಡಿದರು. ಒಥೆಲೋ, ಷೈಲಾಕ್ ಮೊದಲಾದ ಪಾತ್ರಗಳಲ್ಲಿ ಹೆಸರು ಗಳಿಸಿದ ಅವರೇ ತೆಲುಗು ರಂಗದ ಮೇಲೆ ಹಿರಣ್ಯಕಶಿಪು, ದುರ್ಯೋಧನ, ಹರಿಶ್ಚಂದ್ರರಾಗಿ ನಿಂತರು.

ಮಾನ್ಯಸ್ಥ ಮನೆತನದವರು ಬಣ್ಣ ಹಚ್ಚುವುದನ್ನು ಸಮಾಜ ಹಗುರವಾಗಿ ಕಾಣುತ್ತಿದ್ದ ಕಾಲವದು. ಹಣಕ್ಕಾಗಿ ಆಡುವವನೆಂಬ ಮಾತು ತಮ್ಮನ್ನು ಮುಟ್ಟದಂತೆ ರಾಘವಾಚಾರ್ಯರು ಒಂದು ವ್ರತವನ್ನೇ ತೊಟ್ಟರೆನ್ನಬೇಕು. ವಕೀಲಿಯಿಂದ ಬಂದುದು ಸಂಸಾರಕ್ಕೆ. ರಂಗಭೂಮಿಯಿಂದ ತಮಗಾಗಿ ಒಂದು ಕಾಸೂ ಬೇಡ. ಅವರ ಆಟಗಳಿಗೆ ಜನ ಕಿಕ್ಕಿರಿದು ಸೇರುತ್ತಿದ್ದರು. ಬಂದ ಹಣ ಶಾಲೆ, ಸಂಘ, ದೀನರ ನೆರವು ಮೊದಲಾದ ಧರ್ಮಕಾರ್ಯಗಳಿಗೆ ಸಲ್ಲುತ್ತಿತ್ತು. ಎಷ್ಟೋ ಸಲ ಅವರು ಕೈಯಿಂದಲೇ ಖರ್ಚು ಮಾಡಿದ್ದೂ ಉಂಟು.

ಇದರ ಲೆಕ್ಕಾಚಾರವನ್ನು ಸಹಾಯಾರ್ಥ ನಾಟಕ ಮಾಡಿಸಿದ ಪ್ರತಿಯೊಬ್ಬ ಉಪಾಧ್ಯಾಯನೂ ಬಲ್ಲ. ರಂಗಮಂದಿರದ ಬಾಡಿಗೆ, ಪರದೆ, ದೀಪ, ಉಡುಪು, ಕರಪತ್ರ, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ ಇವೆಲ್ಲ ಕಳೆದ ಮೇಲೆ ಉಳಿದುದಷ್ಟೇ ಧರ್ಮಕ್ಕೆ. ಮುಖ್ಯ ನಟನೇ ಸಂಭಾವನೆ ಬೇಡವೆಂದರೆ ಉಳಿಯುವುದು ಹೆಚ್ಚು. ಆತ ಒಳ್ಳೆಯ ನಟನೂ ಆಗಿದ್ದರೆ ಗಲ್ಲಾಪೆಟ್ಟಿಗೆ ತಾನಾಗಿ ತುಂಬುತ್ತದೆ. ರಾಘವಾಚಾರ್ಯರಲ್ಲಿ ಈ ಎರಡೂ ಕೂಡಿದ್ದವು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚಿನದು.

ಏಕೆಂದರೆ ಅವರು ಧರ್ಮದ ಹೆಸರಿನಲ್ಲಿ ಕಲೆಗೆ ರಿಯಾಯಿತಿ ಕೇಳಿದವರಲ್ಲ. ಅಂದಿನ ರಂಗದ ಮೇಲೆ ಪದ್ಯಗಳದೇ ರಾಜ್ಯ. ಸಾಯುತ್ತಿರುವ ರಾಜನೂ ರಾಗ ವಿಸ್ತಾರ ಮಾಡಿಯೇ ಪ್ರಾಣ ಬಿಡಬೇಕು. ಜನ ಒನ್ಸ್‌ಮೋರ್ ಎಂದರೆ ಎದ್ದು ಮತ್ತೊಮ್ಮೆ ಹಾಡಿ ಸಾಯಬೇಕು! ರಾಘವಾಚಾರ್ಯರು ಈ ಗಾಯನದ ಭಾರವನ್ನು ಇಳಿಸಿದರು. ಮಾತು, ಮೌನ, ಕಣ್ಣು, ನಡೆ ಇವುಗಳಿಂದಲೇ ಪಾತ್ರವನ್ನು ಕಡೆದು ನಿಲ್ಲಿಸಿದರು. ಕೋಲಾಚಲಂ ಅವರು ವಿಜಯನಗರದ ಪತನವನ್ನು ವಸ್ತುವಾಗಿಸಿ ಬರೆದ ರಾಮರಾಜನ ನಾಟಕದಲ್ಲಿ ಅವರು ವಹಿಸಿದ ಪಠಾಣ ರುಸ್ತುಮನ ಪಾತ್ರ ಬಹು ಪ್ರಸಿದ್ಧವಾಯಿತು. ಆ ನಾಟಕ ಮತೀಯ ವೈಷಮ್ಯಕ್ಕೆ ಎಡೆಗೊಟ್ಟೀತೆಂದು ಸರ್ಕಾರ ಅದನ್ನು ನಿಷೇಧಿಸಿತು. ನಟನ ಅಭಿನಯ ಅಷ್ಟು ಬಲವಾಗಿ ನಾಟುತ್ತಿದ್ದುದೂ ನಿಷೇಧಕ್ಕೆ ಒಂದು ಕಾರಣವಾಗಿದ್ದಿರಬಹುದೆ ಎಂದು ಯೋಚಿಸುವಂತಾಗುತ್ತದೆ.

ಬೆಂಗಳೂರಿನಲ್ಲಿ 1909ರಲ್ಲಿ ಹುಟ್ಟಿದ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ಸುಶಿಕ್ಷಿತ ಹವ್ಯಾಸಿಗಳ ಸಂಸ್ಥೆ. 1919ರಲ್ಲಿ ಕವೀಂದ್ರ ರವೀಂದ್ರರನ್ನು ತನ್ನ ಕಲಾ ಉತ್ಸವಕ್ಕೆ ಬರಮಾಡಿಕೊಂಡ ಕೀರ್ತಿ ಅದರದು. ರಾಘವಾಚಾರ್ಯರು ಈ ಸಂಸ್ಥೆಯೊಡನೆ ಕೂಡಿ ಆಡಿದರು. ಕನ್ನಡ, ತೆಲುಗು, ಇಂಗ್ಲಿಷ್, ಹಿಂದಿ ಯಾವ ಭಾಷೆಯಾದರೂ ಅವರಿಗೆ ಅಡ್ಡಿಯಾಗಲಿಲ್ಲ.

ಅವರ ರಂಗಜೀವನದ ಪರಮ ಘಳಿಗೆ 1927ರಲ್ಲಿ ಬಂದಿತು. ಆ ವರ್ಷ ಮಹಾತ್ಮಾ ಗಾಂಧಿಯವರು ದೇಹಾಲಸ್ಯದಿಂದ ನಂದಿಬೆಟ್ಟದಲ್ಲಿಯೂ ಅನಂತರ ಬೆಂಗಳೂರಿನಲ್ಲಿಯೂ ವಿಶ್ರಾಂತಿ ಪಡೆಯುತ್ತಿದ್ದರು. ಅವರ ಸನ್ನಿಧಿಯಲ್ಲಿ ಹಿಂದಿಯ ದೀನಬಂಧು ಕಬೀರ ನಾಟಕದ ಪ್ರದರ್ಶನವಾಯಿತು. ಕಬೀರನಾಗಿ ನಿಂತವರು ರಾಘವಾಚಾರ್ಯರು. ಬಾಲ್ಯದಲ್ಲಿ ಹರಿಶ್ಚಂದ್ರ ನಾಟಕವನ್ನು ಕಂಡು ಮರುಗಿದ್ದ ಗಾಂಧೀಜಿ ಮುಂದೆ ನಾಟಕಗಳಿಗೆ ಹೆಚ್ಚು ಹೊತ್ತು ಮೀಸಲಿಟ್ಟವರಲ್ಲ. ಅಂತಹವರು ಅಂದು ನಟನಿಗೆ ಮನಸಾರೆ ಜಯಕಾರ ಹಾಕಿದರು. ನೇಯುತ್ತಲೇ ದೇವರನ್ನು ಕಂಡ, ಹಿಂದೂ ಮುಸಲ್ಮಾನರಿಬ್ಬರಿಗೂ ಬೇಕಾದ ಆ ಸಂತನ ಪಾತ್ರ ಪಠಾಣ ರುಸ್ತುಮನ ಪಾತ್ರ ಮಾಡಿದ ನಟನಿಗೇ ದೊರೆತುದು ಒಂದು ಯೋಗ. ನಾಗೇಶ್ವರನ ಗುಡಿಯೂ ಚೆನ್ನಕೇಶವನ ಗುಡಿಯೂ ಹೊಯ್ಸಳರ ಕಾಲದಿಂದ ಅಕ್ಕಪಕ್ಕದಲ್ಲಿ ನಿಂತಿರುವ ಮೊಸಳೆಯವರಿಗೆ ಕಬೀರನ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರುವರ್ಷ, 1928ರಲ್ಲಿ, ಅವರು ಇಂಗ್ಲೆಂಡಿಗೆ ಹೋಗಿ ಅಲ್ಲಿನ ರಂಗಭೂಮಿಯನ್ನು ಕಣ್ಣಾರೆ ಕಂಡರು. ಹಿಂದಿರುಗಿದ ಮೇಲೆ ಅವರ ಹಟ ಮತ್ತಷ್ಟು ಬಲಿಯಿತು. ಹೆಣ್ಣಿನ ಪಾತ್ರವನ್ನು ಹೆಣ್ಣೇ ವಹಿಸಬೇಕು, ಅದೂ ವಿದ್ಯಾವಂತ ಕುಟುಂಬಗಳ ಸ್ತ್ರೀಯರು ಮುಂದೆ ಬರಬೇಕು ಎಂಬುದು ಅವರ ವಾದ. ಕೊಮ್ಮೂರಿ ಪದ್ಮಾವತಿದೇವಿಯಂತಹವರು ಅವರ ಪ್ರೋತ್ಸಾಹದಿಂದ ರಂಗವೇರಿದರು. ಮುಂದೆ ಮದರಾಸು ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾದ ಪಿ. ವಿ. ರಾಜಮನ್ನಾರ್ ಅವರು ತರುಣರಾಗಿದ್ದಾಗ ಬರೆದ ಸಾಮಾಜಿಕ ನಾಟಕವನ್ನು ರಂಗಕ್ಕೆ ತಂದವರೂ ರಾಘವಾಚಾರ್ಯರೇ. ನಿಂದೆಗೆ ಕೊರತೆಯಿರಲಿಲ್ಲ, ಆಚಾರ್ಯರ ಮನೆಯ ವಕೀಲರು ಪರಸ್ತ್ರೀಯರೊಡನೆ ನಾಟಕವಾಡುವುದೆಂದರೆ ಆ ಕಾಲದಲ್ಲಿ ಸಾಮಾನ್ಯ ಮಾತಲ್ಲ.

ವಾಕ್ಚಿತ್ರಗಳ ಯುಗ ಬಂದಾಗ 1936ರಲ್ಲಿ ದ್ರೌಪದೀ ಮಾನಸಂರಕ್ಷಣಂ, 1939ರಲ್ಲಿ ರೈತುಬಿಡ್ಡ, 1940ರಲ್ಲಿ ಚಂಡಿಕಾ ಎಂಬ ತೆಲುಗು ಚಿತ್ರಗಳಲ್ಲಿ ಅವರು ನಟಿಸಿದರು. ಅವರ ಮನಸ್ಸು ಮಾತ್ರ ಎದುರಿಗೆ ಕುಳಿತ ಸಭಿಕರನ್ನೇ ಬಯಸುತ್ತಿತ್ತು.

ರಾಘವಾಚಾರ್ಯರು ದಿವಂಗತರಾದದ್ದು 1946ರ ಏಪ್ರಿಲ್ 16ರಂದು. ಬಳ್ಳಾರಿ 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವುದನ್ನು ಅವರು ಕಾಣಲಿಲ್ಲ. ಮನೆಯಲ್ಲಿ ತೆಲುಗನ್ನೂ ಊರಿನಲ್ಲಿ ಕನ್ನಡವನ್ನೂ ಆಡಿದ ಆ ನಟನನ್ನು ಇಂದು ಎರಡು ರಾಜ್ಯದವರೂ ತಮ್ಮವರೆನ್ನುತ್ತಾರೆ. ಬಳ್ಳಾರಿಯ ಜನ ತಮ್ಮ ಊರಿನ ರಂಗಮಂದಿರಕ್ಕೆ ರಾಘವ ಕಲಾಮಂದಿರವೆಂದು ಹೆಸರಿಟ್ಟುಕೊಂಡಿದ್ದಾರೆ.