ಜಾನ್ ನ್ಯೂಟನನು ತನ್ನನ್ನು ಶೋಧಿಸಿಕೊಂಡದ್ದು

ಅಂಗಳವನ್ನು ದಿನವೂ ಗುಡಿಸುವವರು ಅಟ್ಟದ ಮೂಲೆಯನ್ನು ವರುಷಗಟ್ಟಲೆ ನೋಡದೆ ಇರುವದುಂಟು. ಆತ್ಮಶೋಧನೆಯಲ್ಲಿಯೂ ಹೀಗೆಯೇ. ಜನರ ಕಣ್ಣಿಗೆ ಬೀಳುವ ತಪ್ಪುಗಳನ್ನು ಮನುಷ್ಯನು ಅರಿಕೆಮಾಡುವನು. ಊರೆಲ್ಲ ಸರಿಯೆಂದು ಒಪ್ಪಿಕೊಂಡ ಪಾಪವನ್ನಾದರೋ ಪಾಪವೆಂದು ಎಣಿಸುವದೇ ಇಲ್ಲ. ಇದಕ್ಕೆ ಜಾನ್ ನ್ಯೂಟನನ ಜೀವಿತವು ನಮಗೆ ತಕ್ಕ ದೃಷ್ಟಾಂತವಾಗಿದೆ.

ಇವನು 1725ನೇ ಇಸವಿ ಜುಲೈ 24ರಲ್ಲಿ ಲಂಡನ್ ಪಟ್ಟಣದಲ್ಲಿ ಹುಟ್ಟಿದನು. ತಂದೆ ಹಡಗಿನ ಕಪ್ತಾನನು. ದೇವಭಕ್ತೆಯಾದ ತಾಯಿಯು ಮಗನಿಗೆ ವೇದವಚನಗಳನ್ನು ಬಾಯಿಪಾಠ ಮಾಡಿಸಿ, ಅವನಿಗೆ ಏಳು ವರುಷ ತುಂಬುವ ಮುಂಚೆಯೇ ತೀರಿಕೊಂಡಳು. ಹನ್ನೊಂದನೆಯ ವಯಸ್ಸಿನಲ್ಲಿ ಕಡಲಿಗಿಳಿದ ಹುಡುಗನು ಯೌವನದಲ್ಲಿ ದೇವದೂಷಕನಾದನು. ಆಫ್ರಿಕದ ಪಡುವಣ ಕರಾವಳಿಯಲ್ಲಿ ಗುಲಾಮರ ವ್ಯಾಪಾರಿಯೊಬ್ಬನ ಕೈಕೆಳಗೆ ಹಸಿವನ್ನೂ ಅವಮಾನವನ್ನೂ ಅನುಭವಿಸಿದರೂ ಅವನ ಮನಸ್ಸು ತಿರುಗಲಿಲ್ಲ.

1748ರ ಮಾರ್ಚಿ ತಿಂಗಳಲ್ಲಿ ಸ್ವದೇಶಕ್ಕೆ ಹಿಂದಿರುಗುವಾಗ ಅಟ್ಲಾಂಟಿಕ್ ಸಾಗರದಲ್ಲಿ ಬಿರುಗಾಳಿ ಎದ್ದು ಹಡಗಿನೊಳಗೆ ನೀರು ನುಗ್ಗಿತು. ತಾಸುಗಟ್ಟಲೆ ನೀರನ್ನು ಹೊರಹಾಕುತ್ತಾ ಅವನು ದೇವರ ಕರುಣೆಯನ್ನು ನೆನಸಿದನು. ಸಾಯುವದಕ್ಕೆ ತಾನು ಸಿದ್ಧನಲ್ಲವೆಂದು ಕಂಡುಕೊಂಡನು. ಮುಂದೆ ಆ ದಿನವನ್ನು ಪ್ರತಿವರುಷವೂ ಪ್ರಾರ್ಥನೆಯಿಂದಲೂ ದೀನತೆಯಿಂದಲೂ ಆಚರಿಸಿದನು.

ಆದರೆ ಇಲ್ಲಿ ನಾವು ತುಸು ನಿಂತು ನೋಡಬೇಕು. ಇದಾದ ಮೇಲೆಯೂ ಅವನು 1750ರಿಂದ 1754ರ ವರೆಗೆ ಗುಲಾಮರ ಹಡಗಿನ ಕಪ್ತಾನನಾಗಿ ಮೂರು ಯಾತ್ರೆಗಳನ್ನು ಮಾಡಿದನು. ಮೇಲ್ಗಡೆ ನಾವಿಕರಿಗೆ ಆದಿತ್ಯವಾರದ ಆರಾಧನೆಯನ್ನು ನಡಿಸುತ್ತಿದ್ದನು. ಹಡಗಿನ ತಳದಲ್ಲಿ ಆಫ್ರಿಕದವರು ಸಂಕೋಲೆಗಳಲ್ಲಿ ಬಿದ್ದಿದ್ದರು. ಆ ಕಾಲದಲ್ಲಿ ಅದು ಮರ್ಯಾದೆಯ ಉದ್ಯೋಗವೆನಿಸಿಕೊಂಡಿತ್ತು. ಆದದರಿಂದ ಪ್ರಾರ್ಥನೆಗೂ ಸಂಕೋಲೆಗೂ ಇದ್ದ ವಿರೋಧವು ಅವನಿಗೆ ತೋರಲಿಲ್ಲ. ಕಡಲನ್ನು ಬಿಡಿಸಿದ್ದು ಕಾಯಿಲೆಯೇ ಹೊರತು ಪಶ್ಚಾತ್ತಾಪವಲ್ಲ.

1764ರಲ್ಲಿ ಅವನು ಓಲ್ನಿ ಎಂಬ ಊರಿನ ಬೋಧಕನಾದನು. ಕವಿ ವಿಲಿಯಂ ಕೂಪರನೊಡನೆ ರಚಿಸಿದ ಕೀರ್ತನೆಗಳು 1779ರಲ್ಲಿ ಅಚ್ಚಾದವು. 1780ರಲ್ಲಿ ಲಂಡನಿನ ಸಭೆಯೊಂದಕ್ಕೆ ಹೋದನು. ವರುಷ ವರುಷವೂ ತನ್ನನ್ನು ಶೋಧಿಸಿಕೊಳ್ಳುತ್ತಾ ಬಂದವನ ಕಣ್ಣು ಕಡೆಗೆ ಆ ಹಡಗಿನ ತಳಕ್ಕೂ ಮುಟ್ಟಿತು. ಕಡಲನ್ನು ಬಿಟ್ಟು 34 ವರುಷಗಳಾದ ಮೇಲೆ, 1788ರಲ್ಲಿ, ಆ ವ್ಯಾಪಾರದ ಕ್ರೂರತೆಯನ್ನೂ ಅದರಲ್ಲಿ ತನಗಿದ್ದ ಪಾಲನ್ನೂ ಪುಸ್ತಕವಾಗಿ ಬರೆದು, ತನ್ನ ಅರಿಕೆಯು ತಡವಾಯಿತೆಂದು ಒಪ್ಪಿಕೊಂಡನು. ಅಷ್ಟಕ್ಕೇ ಸುಮ್ಮನಿರದೆ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದನು. ಆ ವ್ಯಾಪಾರವನ್ನು ನಿಲ್ಲಿಸಲು ಹೋರಾಡುತ್ತಿದ್ದ ವಿಲ್ಬರ್‌ಫೋರ್ಸನಿಗೆ ಒತ್ತಾಸೆಯಾದನು.

ಮುಪ್ಪಿನಲ್ಲಿ ದೃಷ್ಟಿ ಮಬ್ಬಾಯಿತು, ಜ್ಞಾಪಕವು ಕುಂದಿತು; ಆದರೂ ಶಕ್ತಿಯಿರುವ ತನಕ ಬೋಧಿಸಿದನು. 1807ರ ಮಾರ್ಚಿಯಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಅದೇ ವರುಷ ದಶಂಬರ 21ರಲ್ಲಿ, 82 ವರುಷದವನಾಗಿ, ನ್ಯೂಟನನು ನಿದ್ರೆಹೋದನು. ತನ್ನ ಸ್ಮಾರಕದ ಬರಹವನ್ನು ತಾನೇ ಮೊದಲು ಸಿದ್ಧಮಾಡಿದ್ದನು. ಅದರಲ್ಲಿ ಹಳೆಯ ಅಧೋಗತಿಯನ್ನು ಮುಚ್ಚಲಿಲ್ಲ. ಕರ್ತನ ಕರುಣೆಯನ್ನೇ ಮುಂದಿಟ್ಟನು.

ಪ್ರಿಯರೇ, ನಮ್ಮ ಬಾಳಿನ ತಳದಲ್ಲಿ ಏನಿದೆ? ಕೂಲಿಯವನಿಂದ ಹಿಡಿದಿಟ್ಟ ಕಾಸೋ? ನೆರೆಯವನ ಹೊಲದ ಕಡೆಗೆ ಸರಿಸಿದ ಬದುವೋ? ಕರ್ತನ ಮೇಜಿನ ಬಳಿ ಒಂದಾಗಿ ಕುಳಿತರೂ ಮನೆಯ ಪಂಕ್ತಿಯಲ್ಲಿ ಸಹೋದರನನ್ನು ದೂರವಿಡುವ ಕುಲಗರ್ವವೋ? ಎಲ್ಲರೂ ಹೀಗೆಯೇ ಮಾಡುತ್ತಾರೆಂಬ ಮಾತು ನ್ಯಾಯಾಸನದ ಮುಂದೆ ನಿಲ್ಲದು. ನ್ಯೂಟನನಿಗೆ 34 ವರುಷಗಳು ಸಿಕ್ಕಿದವು. ನಮಗೆ ಎಷ್ಟು ದಿನಗಳೆಂದು ನಾವರಿಯೆವು. ಆದದರಿಂದ ಈ ರಾತ್ರಿಯೇ ಅರಿಕೆಮಾಡಿ, ಬೆಳಗಾದಾಗ ಸಲ್ಲತಕ್ಕದ್ದನ್ನು ಸಲ್ಲಿಸೋಣ.