ಎರಡು ಸಲ ಫೇಲ್ ಆದ ರಾಮಾನುಜನ್

ಯಾರಿಗಾದ್ರೂ ಬ್ಯಾಕ್‌ಲಾಗ್ ಬಂದ್ರೆ ನಾವು ಹೇಳೋ ಮೊದಲ ಸಮಾಧಾನ, ಶ್ರೀನಿವಾಸ ರಾಮಾನುಜನ್ ಕೂಡ ಫೇಲ್ ಆಗಿದ್ರು ಅನ್ನೋದು. ಅದು ನಿಜ. ಆದ್ರೆ ಪೂರ್ತಿ ಕಥೆ ಸ್ವಲ್ಪ ಬೇರೆ.

1887ರಲ್ಲಿ ಈರೋಡಿನಲ್ಲಿ ಹುಟ್ಟಿದ ಅವರು ಬೆಳೆದದ್ದು ಕುಂಭಕೋಣಂನಲ್ಲಿ. ಹೈಸ್ಕೂಲಿನಲ್ಲಿದ್ದಾಗ ಕಾರ್ ಎಂಬುವರು ಬರೆದ ಗಣಿತದ ಪುಸ್ತಕ ಕೈಗೆ ಸಿಕ್ಕಿತು. ಅದರ ತುಂಬ ಸಾವಿರಾರು ಸೂತ್ರಗಳು, ಪ್ರೂಫ್ ಮಾತ್ರ ಹೆಸರಿಗಷ್ಟೇ. ಅವನ್ನೆಲ್ಲ ತಾವೇ ಸಾಧಿಸಲು ಕೂತರು. 1904ರಲ್ಲಿ ಸ್ಕಾಲರ್‌ಶಿಪ್ ಪಡೆದು ಕಾಲೇಜು ಸೇರಿದರೂ ಬೇರೆ ವಿಷಯಗಳನ್ನು ಮುಟ್ಟಲಿಲ್ಲ. ಸ್ಕಾಲರ್‌ಶಿಪ್ ಹೋಯ್ತು. ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿದರು. 1906, 1907, ಎರಡು ಸಲವೂ ಎಫ್.ಎ. ಪರೀಕ್ಷೆಯಲ್ಲಿ ಫೇಲ್.

ಡಿಗ್ರಿ ಇಲ್ಲ, ಕೆಲಸ ಇಲ್ಲ. ಕಾಗದ ದುಬಾರಿ ಅಂತ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಉತ್ತರ ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದಿಡ್ತಿದ್ರು. 1912ರಲ್ಲಿ ಸಿಕ್ಕಿದ್ದು ಮದ್ರಾಸ್ ಪೋರ್ಟ್ ಟ್ರಸ್ಟಿನ ಗುಮಾಸ್ತೆ ಕೆಲಸ, ತಿಂಗಳಿಗೆ 30 ರೂಪಾಯಿ. ಮರುವರ್ಷ ಕೇಂಬ್ರಿಡ್ಜಿನ ಹಾರ್ಡಿಯವರಿಗೆ ಪತ್ರ ಬರೆದರು. 1914ರಲ್ಲಿ ಅಲ್ಲಿಗೇ ಹೋದರು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1920ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 32.

ಅವರ ಆಸಕ್ತಿ ಎಷ್ಟಿತ್ತು ಅನ್ನೋದು ಮಾರ್ಕ್ಸ್ ಕಾರ್ಡಿನಲ್ಲಿ ಕಾಣಲಿಲ್ಲ. ಆದ್ರೆ ಮಾರ್ಕ್ಸ್ ಇಲ್ಲದ್ದಕ್ಕೆ ವರ್ಷಗಟ್ಟಲೆ ಅಲೆದದ್ದೂ ಸುಳ್ಳಲ್ಲ. ಫೇಲ್ ಆದ ಆ ವರ್ಷಗಳಲ್ಲೂ ಸ್ಲೇಟು ಕೆಳಗಿಡಲಿಲ್ಲ. ಆದ್ದರಿಂದ ಇನ್ನು ಮುಂದೆ ಅವರ ಹೆಸರು ಹೇಳೋ ಮೊದಲು, ನಮಗಿಷ್ಟ ಅನ್ನೋ ಆ ಒಂದು ಸಬ್ಜೆಕ್ಟಿಗೆ ನಾವೆಷ್ಟು ಹೊತ್ತು ಕೂತಿದ್ದೀವಿ ಅಂತ ಲೆಕ್ಕ ಹಾಕೋಣ.