ದಂಡಿನ ದಾರಿಯಲ್ಲಿ ಭೂಮಿಯ ಅಳತೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಕಾಗದ ಬಂದಿತು. ಆತನು ಗಣಿತದಲ್ಲಿ ಸಂಶೋಧನೆ ಮಾಡುತ್ತಿರುವವನು. ಕೈಕೊಂಡಿರುವ ಪ್ರಶ್ನೆಯಿಂದ ಸದ್ಯಕ್ಕೆ ಯಾರಿಗೂ ಬಿಡಿಗಾಸಿನ ಲಾಭವಿಲ್ಲ. ಆದುದರಿಂದ ಹಣ ಕೊಡುವವರೂ ಇಲ್ಲ. ರಕ್ಷಣಾ ಇಲಾಖೆಯ ಸಹಾಯಧನಕ್ಕೆ ಅರ್ಜಿ ಹಾಕಬಹುದೆಂದು ಗೆಳೆಯರು ಸೂಚಿಸಿದ್ದಾರಂತೆ. ಹಾಕಿದರೆ ತಪ್ಪಾದೀತೇ ಎಂದು ನನ್ನನ್ನು ಕೇಳಿದ್ದನು. ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ. ಕೊನೆಗೆ ಉಪದೇಶವನ್ನು ಬದಿಗಿಟ್ಟು, ವಿಲಿಯಂ ಲ್ಯಾಂಬ್ಟನ್ನನ ಜೀವನವನ್ನು ಬರೆದು ಕಳುಹಿಸಿದೆ. ಇತರ ತರುಣರಿಗೂ ಉಪಯೋಗವಾದೀತೆಂದು ಅದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಲ್ಯಾಂಬ್ಟನ್ 1750ರ ದಶಕದಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದ ಸಾಮಾನ್ಯ ಕುಟುಂಬದಲ್ಲಿ ಹುಟ್ಟಿದನು. ಒಲವು ಗಣಿತದ ಕಡೆಗೆ, ಜೀವನೋಪಾಯ ಸೈನ್ಯದಲ್ಲಿ. ಅಮೆರಿಕದ ಯುದ್ಧದಲ್ಲಿ ಸೆರೆ ಸಿಕ್ಕಿ ಬಿಡುಗಡೆಯಾದ ಮೇಲೆ, ನ್ಯೂ ಬ್ರನ್ಸ್‌ವಿಕ್ಕಿನ ಕಾಡುಸೀಮೆಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದನು. ಬಡ್ತಿಯಿಲ್ಲದ ಆ ದಿನಗಳಲ್ಲಿ ಆತನಿಗೆ ಒಡನಾಡಿಗಳಾದುವು ಗಣಿತದ ಗ್ರಂಥಗಳು. ನಡುವಯಸ್ಸು ದಾಟುವ ಹೊತ್ತಿಗೆ ತನ್ನ ರೆಜಿಮೆಂಟಿನೊಡನೆ ಭಾರತಕ್ಕೆ ಬಂದನು. ಆ ರೆಜಿಮೆಂಟಿನ ಕರ್ನಲ್ ಆರ್ಥರ್ ವೆಲ್ಲೆಸ್ಲಿ.

1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆ ನಡೆಯಿತು. ಒಂದು ರಾತ್ರಿ ಜನರಲ್ ಬೇರ್ಡ್ ತನ್ನ ತುಕಡಿಯೊಡನೆ ಒಂದು ತೋಪನ್ನು ಶೋಧಿಸಿ ಶಿಬಿರಕ್ಕೆ ಹಿಂದಿರುಗುತ್ತಿದ್ದನು. ನಕ್ಷತ್ರಗಳನ್ನು ನೋಡಿದ ಲ್ಯಾಂಬ್ಟನ್ನನಿಗೆ, ದಂಡು ತೆಂಕಣಕ್ಕೆ ಹೋಗುವುದರ ಬದಲು ಉತ್ತರಕ್ಕೆ, ಎಂದರೆ ಟಿಪ್ಪುವಿನ ಸೇನೆಯ ಕಡೆಗೇ ನಡೆಯುತ್ತಿದೆಯೆಂದು ತಿಳಿಯಿತು. ಬೇರ್ಡ್ ಮೊದಲು ನಂಬಲಿಲ್ಲ. ದಿಕ್ಸೂಚಿಯೂ ಅದನ್ನೇ ಹೇಳಿದಾಗ ನಂಬಿದನು. ಖಗೋಲವಿದ್ಯೆಗೆ ದಂಡಿನಲ್ಲಿ ಬೆಲೆಯುಂಟೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕೋಟೆ ಬಿದ್ದಿತು, ಟಿಪ್ಪು ಸುಲ್ತಾನನು ಮಡಿದನು. ಗೆದ್ದ ನಾಡಿನ ನಕ್ಷೆ ಕಂಪೆನಿ ಸರಕಾರಕ್ಕೆ ಬೇಕಾಯಿತು. ಆ ಕಂಪೆನಿ ಹೆಸರಿಗೆ ವ್ಯಾಪಾರಿ, ನಿಜದಲ್ಲಿ ದಂಡಿನ ಬಲದಿಂದ ಆಳುವ ಪ್ರಭು. ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಊರು ಕೆರೆಗಳನ್ನು ಗುರುತಿಸುವ ಸರ್ವೆಯನ್ನು ಕೈಗೊಂಡನು. ಲ್ಯಾಂಬ್ಟನ್ನನ ಮನಸ್ಸಿನಲ್ಲಿದ್ದುದು ಬೇರೆಯೇ ಒಂದು ಪ್ರಶ್ನೆ. ಭೂಮಿ ಧ್ರುವಗಳಲ್ಲಿ ಚಪ್ಪಟೆಯೆಂಬುದು ನ್ಯೂಟನ್ನನ ಸಿದ್ಧಾಂತ. ಹಾಗಿದ್ದಲ್ಲಿ ಅಕ್ಷಾಂಶದ ಒಂದು ಡಿಗ್ರಿಯ ಉದ್ದ ಸಮಭಾಜಕದ ಬಳಿ ಕಡಿಮೆಯಾಗಿ, ಧ್ರುವದ ಕಡೆಗೆ ಹೆಚ್ಚುತ್ತ ಹೋಗಬೇಕು. 1730ರ ದಶಕದಲ್ಲಿ ಫ್ರೆಂಚರು ಪೆರು ಮತ್ತು ಲಾಪ್‌ಲ್ಯಾಂಡಿನಲ್ಲಿ ಅಳೆದು ಇದನ್ನು ಸ್ಥಿರಪಡಿಸಿದ್ದರು. ಆದರೆ ಎಷ್ಟು ಚಪ್ಪಟೆ? ಅದನ್ನು ಸೂಕ್ಷ್ಮವಾಗಿ ತಿಳಿಯಲು ಉಷ್ಣವಲಯದಲ್ಲಿ ಇನ್ನೊಂದು ನಿಖರವಾದ ಅಳತೆ ಬೇಕಾಗಿತ್ತು.

1799ರಲ್ಲಿ ಆತನು ತನ್ನ ಯೋಜನೆಯನ್ನು ವೆಲ್ಲೆಸ್ಲಿಯ ಮೂಲಕ ಮದರಾಸಿನ ಗವರ್ನರನಿಗೆ ಒಪ್ಪಿಸಿದನು. ಪರ್ಯಾಯದ್ವೀಪದ ಒಂದು ತೀರದಿಂದ ಇನ್ನೊಂದು ತೀರದವರೆಗೆ ತ್ರಿಕೋನಗಳನ್ನು ಹೆಣೆದರೆ ಎಲ್ಲ ನಕ್ಷೆಗಳಿಗೂ ಗಟ್ಟಿಯಾದ ಬುನಾದಿ ದೊರೆಯುವುದೆಂಬುದು ಪ್ರಭುಗಳಿಗೆ ಬೇಕಾದ ಮಾತು. ಜತೆಗೆ ಭೂಮಿಯ ಆಕಾರದ ಪ್ರಶ್ನೆಯನ್ನೂ ಆತನು ಮರೆಮಾಚದೆ ಬರೆದನು. 1800ರಲ್ಲಿ ಒಪ್ಪಿಗೆ ದೊರೆಯಿತು.

ವಿರೋಧವಿಲ್ಲದೆ ಹೋಗಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿಯ ಬೋಯಿಗಳಿಗೆ ಹೇಳಿದರೆ ಸಾಕು, ಈತನ ನಕ್ಷೆಯ ಗೊಡವೆಯಿಲ್ಲದೆಯೇ ಅವರು ಒಯ್ದು ಮುಟ್ಟಿಸುವರೆಂದು ಮದರಾಸಿನ ಹಣಕಾಸು ಸಮಿತಿಯ ಸದಸ್ಯನೊಬ್ಬನು ಹಾಸ್ಯ ಮಾಡಿದನು. ಮೂಲವಿಜ್ಞಾನಕ್ಕೆ ಹಣ ಬೇಡುವವರು ಇಂದಿಗೂ ಕೇಳಬೇಕಾದ ಮಾತು ಇದೇ ಅಲ್ಲವೆ?

ಕೆಲಸ ಬೆಂಗಳೂರಿನ ಬಯಲಿನಲ್ಲಿ ಮೊದಲಾಯಿತು. ಅಲ್ಲಿ 1800ರಲ್ಲಿ ಸುಮಾರು 7 ಮೈಲಿಯ ಆಧಾರರೇಖೆಯೊಂದನ್ನು ಅಳೆದರು. ಅಳತೆಯ 100 ಅಡಿ ಉದ್ದದ ಉಕ್ಕಿನ ಸರಪಣಿ ಮೂಲತಃ ಚೀನದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಆತನು ಒಲ್ಲದುದರಿಂದ ಉಳಿದು, ಕಲ್ಕತ್ತೆಯ ಮಾರ್ಗವಾಗಿ ಲ್ಯಾಂಬ್ಟನ್ನನ ಕೈ ಸೇರಿದ್ದು. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಉಷ್ಣಮಾಪಕ ನೋಡಿ ಲೆಕ್ಕವನ್ನು ತಿದ್ದಬೇಕಾಗಿತ್ತು. ಇಂಗ್ಲೆಂಡಿನಿಂದ ಬರುತ್ತಿದ್ದ ಅರ್ಧ ಟನ್ ತೂಕದ ಥಿಯೊಡೊಲೈಟ್ ಯಂತ್ರ ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್ಸಿಗೆ ಹೋಯಿತು. ಅದು ವಿಜ್ಞಾನದ ಉಪಕರಣವೆಂದು ತಿಳಿದ ಮೇಲೆ, ಯುದ್ಧದ ನಡುವೆಯೂ ಅವರು ಅದನ್ನು ಸೌಜನ್ಯದಿಂದ ಮದರಾಸಿಗೆ ಕಳುಹಿಸಿಕೊಟ್ಟರು.

1802ರ ಏಪ್ರಿಲಿನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಏಳೂವರೆ ಮೈಲಿಯ ಹೊಸ ಆಧಾರರೇಖೆಯನ್ನು ಅಳೆದರು. ಅದಕ್ಕೆ 57 ದಿನಗಳು ಹಿಡಿದುವು. ಒಂದು ಭುಜ ತಿಳಿದ ಮೇಲೆ ಕೋನಗಳಿಂದಲೇ ಉಳಿದ ದೂರಗಳನ್ನು ಗುಣಿಸಿ ತೆಗೆಯಬಹುದು. ಹೀಗೆ ತ್ರಿಕೋನಗಳು ಬೆಂಗಳೂರಿಗೆ ಬಂದುವು. 1804ರಲ್ಲಿ ಅಲ್ಲಿ ಮತ್ತೆ ಸರಪಣಿ ಹಿಡಿದು ತಾಳೆ ನೋಡಿದರೆ, ಲೆಕ್ಕಕ್ಕೂ ನೆಲಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ! ತ್ರಿಕೋನಗಳು ಪಡುವಣ ತೀರವನ್ನು ಮುಟ್ಟಿದಾಗ, ಪರ್ಯಾಯದ್ವೀಪದ ಅಗಲವನ್ನು ಹಳೆಯ ನಕ್ಷೆಗಳು ಸುಮಾರು 40 ಮೈಲಿ ಹೆಚ್ಚಾಗಿ ತೋರಿಸಿದ್ದುವೆಂದು ತಿಳಿಯಿತು. ಹಾಸ್ಯಕ್ಕೆ ಇದಕ್ಕಿಂತ ಉತ್ತರ ಬೇಕಾಗಿರಲಿಲ್ಲ.

ಅಲ್ಲಿಂದ ಮುಂದಿನ ಬಾಳೆಲ್ಲ ಡೇರೆಯಲ್ಲಿ. 1808ರಲ್ಲಿ ತಂಜಾವೂರಿನ ದೇಗುಲದ ಮೇಲಕ್ಕೆ ಥಿಯೊಡೊಲೈಟನ್ನು ಎತ್ತುವಾಗ ಹಗ್ಗ ಹರಿದು, ಯಂತ್ರ ಗೋಡೆಗೆ ಬಡಿದು ಸೊಟ್ಟಗಾಯಿತು. ಡೇರೆಯ ಬಾಗಿಲು ಮುಚ್ಚಿಕೊಂಡು ಸುಮಾರು ಆರು ವಾರ ಕುಳಿತು ಅದನ್ನು ಕೂದಲೆಳೆಯಷ್ಟಷ್ಟೇ ಎಳೆದು ಸರಿಪಡಿಸಿದನು. ಕನ್ಯಾಕುಮಾರಿಯ ಸಮೀಪದಿಂದ ಹೊರಟ ಅಳತೆ 1815ರಲ್ಲಿ ಬೀದರಿನ ಸಮೀಪಕ್ಕೆ ಮುಟ್ಟಿತು. ಹೀಗೆ ಸುಮಾರು ಹತ್ತು ಡಿಗ್ರಿಯ ಚಾಪವೊಂದು ಲೋಕದ ವಿದ್ವಾಂಸರ ಪಾಲಿಗೆ ದೊರೆಯಿತು. 1817ರಲ್ಲಿ ರಾಯಲ್ ಸೊಸೈಟಿ ಆತನನ್ನು ಸದಸ್ಯನನ್ನಾಗಿ ಆರಿಸಿತು. 1823ರ ಜನವರಿ 20ರಂದು, ನಾಗಪುರದ ದಾರಿಯಲ್ಲಿ, ಹಿಂಗಣಘಾಟಿನಲ್ಲಿ ಆತನು ತೀರಿಕೊಂಡನು. ಸಮಾಧಿಯೂ ಅಲ್ಲಿಯೇ.

ಈ ಜೀವನವನ್ನು ಬರೆದು ಮುಗಿಸಿದಾಗ ನನ್ನ ಮನಸ್ಸು ಹಗುರವಾಗಲಿಲ್ಲ. ಭೂಮಿಯ ಆಕಾರ ಎಲ್ಲರ ಸೊತ್ತು. ಆದರೆ ಅದೇ ತ್ರಿಕೋನಗಳ ಮೇಲೆ ನಿಂತ ನಕ್ಷೆಗಳು ದಂಡು ನಡೆಸುವವನ, ಕಂದಾಯ ಎತ್ತುವವನ ಕೈಗೆ ಹೋದುವು. ಬೊಕ್ಕಸದ ಹಣವಾದರೂ ಈ ನೆಲದ ರೈತನು ತೆತ್ತದ್ದು. ಬೆಟ್ಟದ ನೆತ್ತಿಯಲ್ಲಿ ಬಾವುಟ ಹಿಡಿದು ನಿಂತ ನಮ್ಮವರ ಹೆಸರು ಯಾವ ಶಾಲೆಯ ಪಾಠದಲ್ಲಿಯೂ ಇಲ್ಲ. ಲ್ಯಾಂಬ್ಟನ್ ಇದನ್ನು ಬಯಸಿದನೆಂದು ನಾನು ಹೇಳಲಾರೆ, ತಡೆಯಬಲ್ಲವನಾಗಿದ್ದನೆಂದೂ ಹೇಳಲಾರೆ.

ಆದರೂ ಎರಡು ವಿಷಯಗಳಲ್ಲಿ ಆತನು ನನಗೆ ಮೇಲ್ಪಂಕ್ತಿ. ತನ್ನ ನಿಜವಾದ ಪ್ರಶ್ನೆಯನ್ನು ಅರ್ಜಿಯಲ್ಲಿ ಅಡಗಿಸಲಿಲ್ಲ. ದೊರೆತ ಉತ್ತರವನ್ನು ವಿದ್ವತ್ಪತ್ರಿಕೆಗಳಲ್ಲಿ ಪ್ರಕಟಿಸಿ ಎಲ್ಲರಿಗೂ ಒಪ್ಪಿಸಿದನು. ಶಿಷ್ಯನಿಗೆ ನಾನು ಬರೆದುದಿಷ್ಟೇ: ಈ ಎರಡಕ್ಕೂ ಅವಕಾಶವಿದ್ದರೆ ಅರ್ಜಿ ಹಾಕು, ಒಂದಕ್ಕೆ ಅಡ್ಡಿ ಬಂದರೂ ಹಿಂದೆಗೆ. ಹಾಕಿದ ಮೇಲೆ, ಹಣ ಯಾರದು, ಫಲ ಯಾರ ಕೈಗೆ ಹೋಗುವುದು ಎಂದು ಕೇಳುವುದನ್ನು ಮಾತ್ರ ನಿಲ್ಲಿಸಬೇಡ.

ಆತನ ಮಾರುತ್ತರ ಇನ್ನೂ ಬಂದಿಲ್ಲ.